ಧ್ವನಿ ನಿಲ್ಲುವ ಜಾಗ

"ಮೇಲಿರೋರು ಯಾರು? ಸೊಂಟಕ್ಕೆ ಬೆಲ್ಟ್ ಹಾಕಿದ್ದೀರಾ?" ಪೆಟ್ರೋನಾ ಕೆಳಗಿನಿಂದ ಕೂಗಿದಳು.

ಕಂಬದ ತುದಿಯಲ್ಲಿ ಆಂಟೆನಾ ಬಿಗಿಯುತ್ತಿದ್ದವನು ಬಗ್ಗಿ ನೋಡಿದ. ಹೆಲ್ಮೆಟ್ಟಿನ ಕೆಳಗಿನ ಆ ಮುಖ...

ಗಾಸ್ಪಾರ್.

ಎರಡು ವರ್ಷದಿಂದ ಅವಳು ಮನಸ್ಸಿನಲ್ಲೇ ಬೈಯುತ್ತಿದ್ದ ಮುಖ.

"ಇಳಿ ಕೆಳಗೆ."

"ಇದನ್ನ ಕಟ್ಟಿ ಇಳೀತೀನಿ. ಆಮೇಲೆ ಬೈಯಿ."

"ನಿನ್ನ ಕೈ ತಗುಲಿದ ರೇಡಿಯೋ ನಮಗೆ ಬೇಡ."

"ಸಂಜೆಯೊಳಗೆ ಪ್ರಸಾರ ಶುರುವಾಗದಿದ್ರೆ ಪರವಾನಗಿಯೇ ಹೋಗುತ್ತೆ, ತಾಯಿ," ಎಂದರು ಮಿಕಾಯೆಲಾ ದೊಡ್ಡಮ್ಮ, ಮೆಕ್ಕೆಜೋಳದ ತಮಾಲೆ ಕಡುಬು ಬೇಯುತ್ತಿದ್ದ ಪಾತ್ರೆಯ ಮುಚ್ಚಳ ತೆಗೆಯುತ್ತಾ. "ಕಂಬ ಹತ್ತೋನು ಕೈಕೊಟ್ಟ. ಇವನನ್ನ ಕರೆಸಿದ್ದು ನಾನು. ನನಗೇ ಬೈಯಿ."

ಊರಿನವರೆಲ್ಲ ಗ್ವಾಟೆಮಾಲಾದ ಬೆಟ್ಟಗಳಿಂದ ಫ್ಲೋರಿಡಾದ ಟೊಮೆಟೊ ತೋಟಗಳಿಗೆ ಬಂದವರು. ಅವರ ಮಾಯಾ ಭಾಷೆ ಯಾವ ದೊಡ್ಡ ಸ್ಟೇಷನ್ನಿನಲ್ಲೂ ಇರಲಿಲ್ಲ. ಎರಡು ವರ್ಷದ ಹಿಂದಿನವರೆಗೆ, ಗಾಸ್ಪಾರ್ ಜೋಡಿಸಿದ ಪುಟ್ಟ ಟ್ರಾನ್ಸ್‌ಮಿಟರಿನಲ್ಲಿ, ಪರವಾನಗಿ ಇಲ್ಲದೆ, ಪೆಟ್ರೋನಾ ಮಾತಾಡುತ್ತಿದ್ದಳು. ಯಾವ ತೋಟಕ್ಕೆ ಔಷಧಿ ಹೊಡೆದಿದ್ದಾರೆ, ಎಲೆ ಆರುವ ಮೊದಲೇ ಯಾವ ಮೇಸ್ತ್ರಿ ಹೆಂಗಸರನ್ನು ಒಳಗೆ ಅಟ್ಟುತ್ತಿದ್ದಾನೆ ಎಂದು ಹೆಸರು ಹಿಡಿದು ಹೇಳುತ್ತಿದ್ದಳು.

ಒಂದು ದಿನ ಅಧಿಕಾರಿಗಳು ಬಂದರು. ಅವಳು ತೋಟದಿಂದ ಮರಳುವಷ್ಟರಲ್ಲಿ ಗಾಸ್ಪಾರ್ ಟ್ರಾನ್ಸ್‌ಮಿಟರನ್ನು ಕೈಯಾರೆ ಒಪ್ಪಿಸಿ, "ಇದೆಲ್ಲ ನನ್ನದೇ" ಎಂದು ಹೇಳಿ, ಊರನ್ನೇ ಬಿಟ್ಟಿದ್ದ. ಅವಳಿಗೆ ಒಂದು ಮಾತೂ ಹೇಳದೆ...

ಅವಳು ಅಳಲಿಲ್ಲ. ಮನೆಮನೆ ತಿರುಗಿ ಸಮಿತಿ ಕಟ್ಟಿದಳು, ಅಧ್ಯಕ್ಷೆಯಾದಳು, ಪರವಾನಗಿ ತಂದಳು. ಅಷ್ಟು ದೂರ ಅವಳನ್ನು ನಡೆಸಿದ್ದು ಸಿಟ್ಟೇ.

ಗಾಸ್ಪಾರ್ ಕೆಳಗಿಳಿದ.

"ಎಲ್ಲಾ ನನ್ನದೇ ಅಂದ್ಯಂತೆ. ಮಾತಾಡಿದ್ದು ಯಾರು?"

"ನೀನು." ಅವನು ಕೈಗವಸು ಬಿಚ್ಚಿದ. "ಪರವಾನಗಿ ಇಲ್ಲದೆ ಪ್ರಸಾರ ಮಾಡಿ ಸಿಕ್ಕಿಬಿದ್ದವರು ಸಮಿತಿಯಲ್ಲಿದ್ರೆ ಪರವಾನಗಿ ಕೊಡಲ್ಲ, ಪೆಟ್ರೋನಾ. ನಿನ್ನ ಹೆಸರು ಬಂದಿದ್ರೆ ಈ ಕಂಬವೇ ಇರ್ತಿರಲಿಲ್ಲ. ನಾನು ಇಲ್ಲೇ ಇದ್ದಿದ್ರೆ ನನ್ನ ಹಿಂದೆ ನಿನ್ನನ್ನೂ ಹುಡುಕ್ತಿದ್ರು."

"ಹೆಂಗಸಿನ ಧ್ವನಿ ಅಂತ ಅವರಿಗೆ ಗೊತ್ತಾಗಲಿಲ್ವಾ?"

"ಕೇಳಿದ್ರು. ಕ್ಯಾಸೆಟ್ ಅಂದೆ. ಸಂತೇಲಿ ಕೊಂಡಿದ್ದು ಅಂದೆ."

"ಕ್ಯಾಸೆಟ್ಟು."

"ಹೂಂ."

"ಜೀವ ಕೈಯಲ್ಲಿ ಹಿಡಿದು ಮೇಸ್ತ್ರಿಗಳ ಹೆಸರು ಹೇಳಿದೋಳು ನಾನು... ಸಂತೇ ಕ್ಯಾಸೆಟ್ಟು!"

"ಸದ್ಯ, ಹಳೇ ಕ್ಯಾಸೆಟ್ ಅನ್ನಲಿಲ್ಲ," ಎಂದರು ದೊಡ್ಡಮ್ಮ.

ಸಿಟ್ಟು ಇಳಿಯಬೇಕಿತ್ತು. ಏರಿತು. 'ಇವನ ಉಪಕಾರ ಬೇಡವೆಂದು ಹಿಂದಿರುಗಿಸಲೂ ಆಗುವುದಿಲ್ಲವಲ್ಲ... ಅದು ನನ್ನ ಧ್ವನಿ ಎಂದು ಬಾಯಿಬಿಟ್ಟರೆ ನಾಳೆಯೇ ರೇಡಿಯೋ ಮುಚ್ಚುತ್ತದೆ.'

"ನನ್ನನ್ನ ಕೇಳಬೇಕಿತ್ತು, ಗಾಸ್ಪಾರ್."

"ಕೇಳಿದ್ರೆ ನೀನು ಒಪ್ತಿರಲಿಲ್ಲ."

"ಒಪ್ಪದೇ ಇರೋದು ನನ್ನ ಹಕ್ಕು. ಮೇಸ್ತ್ರಿ ನಮ್ಮನ್ನ ಒಂದು ಮಾತು ಕೇಳದೆ ಅಟ್ತಾನೆ ಅಂತ ತಾನೇ ನಾವು ರೇಡಿಯೋ ಮಾಡಿದ್ದು? ನೀನೂ ಕೇಳಲಿಲ್ಲ."

ಅವನು ತಲೆ ತಗ್ಗಿಸಿದ. "ತಪ್ಪಾಯ್ತು. ಹೊರಡ್ತೀನಿ," ಎಂದ.

"ಹೊರಡು. ನಿನ್ನ ಟ್ರಕ್ಕಿನ ರೇಡಿಯೋ ಹಾಕ್ಕೊಂಡು ಹೋಗು. ನಮ್ಮ ಪ್ರಸಾರ ಎಲ್ಲೀತನಕ ಮುಟ್ಟುತ್ತೆ ಅಂತ ಯಾರಾದ್ರೂ ನೋಡಬೇಕಲ್ಲ. ಕೇಳಿಸದ ಜಾಗ ಬಂದಾಗ ಫೋನ್ ಮಾಡು."

ಬಿಸಿಲು ಇಳಿಯುವ ಮುನ್ನ ಅವಳು ಮೈಕಿನ ಮುಂದೆ ಕೂತಳು.

"ಅಕ್ಕಂದಿರೇ, ಕಾಲುವೆ ಪಕ್ಕದ ತೋಟಕ್ಕೆ ಇವತ್ತು ಔಷಧಿ ಹೊಡೆದಿದ್ದಾರೆ. ನಾಳೆ ಯಾರು ಅಟ್ಟಿದ್ರೂ ಒಳಗೆ ಕಾಲಿಡಬೇಡಿ."

ಬೀದಿಯ ತೆರೆದ ಕಿಟಕಿಗಳಿಂದೆಲ್ಲ ಅವಳದೇ ಮಾತು ಅವಳಿಗೆ ಕೇಳಿಸಿತು. ದೊಡ್ಡಮ್ಮ ತೋಳಿಗೆ ಕಣ್ಣೊರೆಸಿಕೊಂಡರು.

ಮರಿಂಬಾ ವಾದ್ಯದ ಹಾಡು ಹಾಕುತ್ತಿದ್ದಂತೆ ಫೋನ್ ಬಂತು.

"ಸೇತುವೆ ದಾಟಿದೆ. ಇಲ್ಲಿ ಬರೀ ಕರಕರ ಸದ್ದು. ನೀನು ಕೇಳಿಸ್ತಿಲ್ಲ."

"ನಾನು ಕೇಳಿಸದ ಜಾಗ ಹೇಗಿದೆ?"

"ಎರಡು ವರ್ಷ ಹೀಗೇ ಇತ್ತು."



"ನನ್ನ ಸಿಟ್ಟು ಇಳಿದಿಲ್ಲ."

"ಗೊತ್ತು."

"ಇನ್ನೂ ಬೈಯೋದು ಬೇಕಾದಷ್ಟಿದೆ. ಅಲ್ಲೀತನಕ ಕೇಳಿಸಲ್ಲ."



"ಪೆಟ್ರೋನಾ... ವಾಪಸ್ ಬರಲಾ?"

ಮೊದಲ ಸಲ ಅವನು ಅವಳನ್ನು ಕೇಳಿದ್ದ.

"ಬಾ," ಎಂದಳು. "ತಮಾಲೆ ಆರ್ತಾ ಇದೆ."