ನೆಲ ಮುಟ್ಟದ ಮೇನೆ

ಈ ಸಿಂಗ್ರಜ್ಜನ ಮಾತಿಗೆ ಎದುರು ಮಾತಿಲ್ಲ. ಯಾಕಂದರೆ ಈ ಕತೆ ನಡೆದಾಗ ನೀರಿನ ಗಡಿಗೆ ಹೊತ್ತು, ಮೇನೆಯ ಹಿಂದೆ ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆವರೆಗೂ ಓಡಿದವನು ಈ ಅಜ್ಜನೇ. ಅಲ್ಲ ಅನ್ನಬಲ್ಲವರು ಮೂವರಿದ್ದರು. ಮೂವರೂ ಹೋಗಿ ಎಷ್ಟೋ ಕಾಲವಾಯಿತು. ಇನ್ನು ಕೇಳಿ.

ಬಹಳ ಬಹಳ ಹಿಂದೆ, ಕಾಗೆಗಳು ಇನ್ನೂ ಬೆಳ್ಳಗಿದ್ದ ಕಾಲದಲ್ಲಿ, ಹೊನ್ನಗೋಡು ಅನ್ನುವ ರಾಜ್ಯವಿತ್ತು. ಅಲ್ಲಿ ಕುದುರೆಗಿಂತ ಬೇಗ ಮೇನೆ ಹೊರುವವರು ಇಬ್ಬರಿದ್ದರು. ಮೇನೆಯ ಮುಂದಿನ ಕೊಂಬಿಗೆ ಹೆಗಲು ಕೊಡುವವನು ಜಟ್ಟಿಂಗ, ಹಿಂದಿನ ಕೊಂಬಿಗೆ ಹುಲಿಗ. ಅವರ ಹೊಂದಿಕೆ ಎಂಥದಂದರೆ, ಮೇನೆಯೊಳಗೆ ಹಾಲಿನ ಬಟ್ಟಲು ಇಟ್ಟು ಹದಿನಾರು ಹರದಾರಿ ಓಡಿದರೂ ಕೆನೆ ಅಲುಗುತ್ತಿರಲಿಲ್ಲ.

ಹಿಂದಿನವನಿಗೆ ಮೇನೆಯೇ ಅಡ್ಡ, ದಾರಿ ಕಾಣದು. ಅದಕ್ಕೇ ಮುಂದಿನವನು "ಎಡಕ್ಕೆ ಕಲ್ಲು" ಅಂತ ಕೂಗಬೇಕು, ಹಿಂದಿನವನು "ಹೂಂ" ಅನ್ನಬೇಕು. ಹೂಂ ಕೇಳಿಸಿದರೆ ಮುಂದಿನ ಹೆಜ್ಜೆ. ಹನ್ನೊಂದು ವರ್ಷ ಹೀಗೇ ನಡೆಯಿತು.

ಒಂದು ದಿನ ಮಂತ್ರಿಯನ್ನು ಹೊತ್ತು ಹೋಗುವಾಗ ಹುಲಿಗನ ಕಾಲು ತಗ್ಗಿಗೆ ಬಿತ್ತು. ಮಂತ್ರಿ ಕೆಸರಿಗೆ ಬಿದ್ದ. ಅವನ ಪೇಟ ಎಮ್ಮೆಯ ಕೊಂಬಿಗೆ ಸಿಕ್ಕಿಕೊಂಡು ಊರೆಲ್ಲ ಸುತ್ತಿ ಬಂತು.

"ಕೂಗಿದ್ದೆ," ಅಂದ ಜಟ್ಟಿಂಗ.

"ಕೂಗಲೇ ಇಲ್ಲ," ಅಂದ ಹುಲಿಗ.

"ಹೂಂ ಅಂದೆಯಲ್ಲೋ."

"ಅನ್ನಲೇ ಇಲ್ಲ."

ಅಂದಿದ್ದ. ಅದು ಹುಲಿಗನಿಗೆ ಗೊತ್ತಿತ್ತು. ಅಷ್ಟು ವರ್ಷದ ರೂಢಿಯಲ್ಲಿ, ಏನೂ ಕೇಳಿಸದಿದ್ದರೂ ಬಾಯಿ ತಾನಾಗಿ ಹೂಂ ಅಂದುಬಿಟ್ಟಿತ್ತು. ಒಪ್ಪಿಕೊಂಡರೆ ಊರ ಮುಂದೆ ಮಾನ ಹೋಗುತ್ತದಲ್ಲ. ಅವತ್ತಿನಿಂದ ಇಬ್ಬರೂ ಒಂದೇ ಮೇನೆ ಹೊತ್ತರು, ಒಂದು ಮಾತೂ ಆಡಲಿಲ್ಲ. ಹುಲಿಗ ಮೇನೆಯ ಅಡಿಯಿಂದ ಜಟ್ಟಿಂಗನ ಹಿಮ್ಮಡಿ ನೋಡಿಕೊಂಡೇ ಓಡುತ್ತಿದ್ದ.

ಆ ರಾಜ್ಯದ ಅಂಚಿನಲ್ಲಿ ಬೂದಿಗಣ್ಣ ಅಂತ ಒಬ್ಬ ಮಾಂತ್ರಿಕನಿದ್ದ. ಕೂಡಿ ದುಡಿಯುವವರು ಮಾತು ಬಿಟ್ಟರೆ ಆ ಮೌನವೇ ಅವನ ಊಟ. ಅದನ್ನು ತಿಂದಷ್ಟೂ ಬೆಳೆಯುತ್ತಿದ್ದ. ಅರಮನೆಯ ಪಂಕ್ತಿಯಲ್ಲಿ ತನ್ನ ಎಲೆಗೆ ಉಪ್ಪು ಬಡಿಸಲಿಲ್ಲ ಅನ್ನುವ ಸಿಟ್ಟಿಗೆ ಅವನು ರಾಜಕುಮಾರಿ ಮಾಚಲೆಯ ಪಾದಗಳನ್ನು ಕಲ್ಲು ಮಾಡಿಬಿಟ್ಟ.

"ಮೂರು ಗುಡ್ಡದಾಚೆ ಹಾಲುಕೊಳವಿದೆ," ಅಂದ. "ಈ ಕಲ್ಲು ಮೇಲೇರುತ್ತ ಹೋಗುತ್ತದೆ. ನಾಳೆ ಹೊತ್ತು ಮುಳುಗುವುದರೊಳಗೆ ಅವಳನ್ನು ಆ ಕೊಳದಲ್ಲಿ ಅದ್ದಿದರೆ ಉಳಿದಾಳು. ಹೊರುವವರು ನಿಮ್ಮ ಜಟ್ಟಿಂಗ, ಹುಲಿಗ, ಇಬ್ಬರೇ. ಮೇನೆ ನೆಲ ಮುಟ್ಟಿದರೆ ಅವಳು ಪೂರ್ತಿ ಕಲ್ಲು. ಮೂರನೆಯವರು ಯಾರಾದರೂ ಆ ದಾರಿಗೆ ಕಾಲಿಟ್ಟರೆ ಆ ಕಾಲೂ ಕಲ್ಲು."

ಅವರಿಬ್ಬರನ್ನೇ ಯಾಕೆ ಆರಿಸಿದ ಅಂತ ಬೇರೆ ಹೇಳಬೇಕೆ.

ಬೆಳಗಾಗುತ್ತಲೇ ಮೇನೆ ಎದ್ದಿತು. ಮೊದಲನೆಯ ಗುಡ್ಡದಲ್ಲಿ ಕಲ್ಲುಗಳು ಆಮೆಗಳ ಹಾಗೆ ದಾರಿಯುದ್ದಕ್ಕೂ ಅಡ್ಡಾಡುತ್ತಿದ್ದವು.

"ಅಮ್ಮಣ್ಣಿ, ಹಿಂದಿರೋರಿಗೆ ಹೇಳಿ, ಬಲಕ್ಕೆ ಕಲ್ಲು," ಅಂದ ಜಟ್ಟಿಂಗ.

ಮಾಚಲೆ ಹಿಂದಕ್ಕೆ ತಿರುಗಿದಳು. "ಬಲಕ್ಕೆ ಕಲ್ಲಂತೆ."

"ಕೇಳಿಸ್ತು ಅಂತ ಮುಂದಿರೋರಿಗೆ ಹೇಳಿ, ಅಮ್ಮಣ್ಣಿ."

ಅಷ್ಟರಲ್ಲಿ ಆ ಕಲ್ಲು ಹುಲಿಗನ ಹೆಬ್ಬೆರಳಿನ ಉಗುರು ಕಿತ್ತುಕೊಂಡು ಹೋಗಿಯೂ ಆಗಿತ್ತು. ಗುಡ್ಡ ದಾಟುವ ಹೊತ್ತಿಗೆ ಮಾಚಲೆ ಮೊಣಕಾಲವರೆಗೆ ಕಲ್ಲಾಗಿದ್ದಳು.

ಎರಡನೆಯ ಗುಡ್ಡದ ಬುಡದಲ್ಲಿ ಹೊಳೆ. ಹೊಳೆಗೆ ಸೇತುವೆ ಇಲ್ಲ. ಎಪ್ಪತ್ತು ಮಾರು ಉದ್ದದ ಮೊಸಳೆಯೊಂದು ಬಾಲ ಈ ದಡದಲ್ಲಿಟ್ಟು, ತಲೆ ಆ ದಡದಲ್ಲಿಟ್ಟು ಮಲಗಿತ್ತು. ಅದರ ಬೆನ್ನೇ ದಾರಿ.

"ಅಮ್ಮಣ್ಣಿ, ಅದರ ಕಣ್ಣು ಬಂತು, ತುಳೀಬಾರದು ಅಂತ ಹೇಳಿ."

"ಕಣ್ಣು ಬಂತಂತೆ, ತುಳೀ..." ಅನ್ನುವುದರೊಳಗೆ ಹುಲಿಗ ರೆಪ್ಪೆಯ ಮೇಲೆಯೇ ಕಾಲಿಟ್ಟಿದ್ದ. ಮೊಸಳೆ ಬಾಯಿ ತೆರೆಯಿತು. ಇಬ್ಬರೂ ಹಾರಿ ದಡ ಸೇರಿದರು. ಮೇನೆಯ ಕುಚ್ಚುಗಳಷ್ಟೂ ಮೊಸಳೆಯ ಹೊಟ್ಟೆಗೆ ಹೋದವು. ಮಾಚಲೆ ಸೊಂಟದವರೆಗೆ ಕಲ್ಲು.

"ಸಾಕು," ಅಂದಳು ಅವಳು. "ನನ್ನ ಮೈಗಿಂತ ನಿಮ್ಮಿಬ್ಬರ ಮಾತು ಹೊರೋದೇ ನನಗೆ ಭಾರ ಆಗಿದೆ. ಇನ್ನು ಒಂದು ಮಾತೂ ದಾಟಿಸಲ್ಲ."

ಇಬ್ಬರೂ ತಲೆ ತಗ್ಗಿಸಿದರು. ಬಾಯಿ ಮಾತ್ರ ಬಿಡಲಿಲ್ಲ.

ಮೂರನೆಯ ಗುಡ್ಡದ ನೆತ್ತಿಯಲ್ಲಿ ಬೂದಿಗಣ್ಣನೇ ನಿಂತಿದ್ದ. ಇಡೀ ದಿನದ ಮೌನ ಉಂಡು ಮೋಡಕ್ಕೆ ತಲೆ ತಾಗುವಷ್ಟು ಬೆಳೆದಿದ್ದ. ಒಂದು ಹಿಡಿ ಬೂದಿ ಊದಿದ. ಜಟ್ಟಿಂಗನ ಕಣ್ಣು ಕತ್ತಲಾಯಿತು. ಮಾಚಲೆಯ ಕಲ್ಲು ಕುತ್ತಿಗೆ ದಾಟಿ ತುಟಿಗೆ ಬಂತು. ಹೊತ್ತು ಮುಳುಗಲು ಒಂದು ಮೊಳವಷ್ಟೇ ಉಳಿದಿತ್ತು.

ಆದರೆ ಬೂದಿಗಣ್ಣ ಒಂದು ಲೆಕ್ಕ ತಪ್ಪಿದ್ದ. ಕಲ್ಲಿನ ಭಾರಕ್ಕೆ ಕೊಂಬು ಬಾಗಿ, ಮೇನೆ ನೆಲದಿಂದ ಗೇಣಷ್ಟೇ ಮೇಲೆ ತೂಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಹುಲಿಗ ಮೇನೆಯ ನೆತ್ತಿಯ ಮೇಲಿಂದ ದಾರಿ ನೋಡಿದ. ಎಷ್ಟೊಂದು ಕಲ್ಲು, ಎಷ್ಟೊಂದು ಬೇರು, ಎಷ್ಟೊಂದು ತಗ್ಗು. ಇಷ್ಟನ್ನೂ ಒಬ್ಬನೇ ನೋಡಿ, ಒಬ್ಬನೇ ಕೂಗುತ್ತಿದ್ದನೇ ಇವನು?

"ಎಡಕ್ಕೆ ಬೇರು," ಅಂತ ಕೂಗಿದ.

ಜಟ್ಟಿಂಗ ಉತ್ತರ ಕೊಡಲಿಲ್ಲ. ಕೇಳಿಸಿತೋ ಇಲ್ಲವೋ ತಿಳಿಯದೆ ಹುಲಿಗನ ಬೆನ್ನು ಬೆವೆತಿತು.

"ಬಲಕ್ಕೆ ಕಲ್ಲು."

"ಹೂಂ," ಅಂದ ಜಟ್ಟಿಂಗ, ಹಲ್ಲು ಕಚ್ಚಿಕೊಂಡು.

ಬೂದಿಗಣ್ಣ ನಗತೊಡಗಿದ. ಆ ನಗುವಿಗೆ ಗುಡ್ಡವೇ ಗಡಗಡ ಅಂದಿತು.

"ಮುಂದೆ ತಗ್ಗು. ಆನೆ ಮುಳುಗುವಷ್ಟು."

"ಹೂಂ," ಅಂದ ಜಟ್ಟಿಂಗ. ಅಂದವನು ತಗ್ಗಿನ ಕಡೆಗೇ ಕಾಲು ಚಾಚಿದ.

"ನಿಲ್ಲು. ಕೇಳಿಸಿ ಹೂಂ ಅಂದೆಯೋ, ಸುಮ್ಮನೆ ಅಂದೆಯೋ?"

ಜಟ್ಟಿಂಗನ ಕಾಲು ಗಾಳಿಯಲ್ಲೇ ನಿಂತಿತು. "ದನಿ ಕೇಳಿಸ್ತು. ಮಾತು ಕೇಳಿಸಲಿಲ್ಲ."

ಹುಲಿಗ ಕೊಂಬನ್ನು ಹೆಗಲಿಗೆ ಒತ್ತಿಕೊಂಡ. "ಅವತ್ತು ನಾನು ಮಾಡಿದ್ದೂ ಇದೇ, ಜಟ್ಟಿಂಗಣ್ಣ. ಏನೂ ಕೇಳಿಸದೆ ಹೂಂ ಅಂದೆ. ಆಮೇಲೆ ಅನ್ನಲೇ ಇಲ್ಲ ಅಂತ ಸುಳ್ಳು ಹೇಳಿದೆ."

ಜಟ್ಟಿಂಗ ಚಾಚಿದ ಕಾಲನ್ನು ಮೆಲ್ಲಗೆ ಹಿಂದಕ್ಕೆ ತಗೊಂಡ. "ಮಂತ್ರಿ ಗೊರಕೆ ಹೊಡೀತಿದ್ದ ಕಣೋ. ಎದ್ದರೆ ಬೈತಾನೆ ಅಂತ ನಾನೂ ಎದೆಯೊಳಗೇ ಕೂಗಿದೆ. ಇರುವೆಗೂ ಕೇಳ್ತಿರಲಿಲ್ಲ."

"ಮತ್ತೆ ಊರಿಗೆಲ್ಲ ನನ್ನನ್ನ ಕಿವುಡ ಅಂತ ಸಾರಿಕೊಂಡು ಬಂದೆ?"

"ನೀನು ನನ್ನನ್ನ ಮೂಗ ಅಂತ ಸಾರಲಿಲ್ವಾ?"

ಇಬ್ಬರಿಗೂ ನಗು ಬಂತು. ಬೂದಿಗಣ್ಣನ ನಗು ನಿಂತಿತು. ಮೋಡದಷ್ಟಿದ್ದವನು ತಾಳೆಮರದಷ್ಟಾದ, ಮರದಷ್ಟಿದ್ದವನು ಬೆಕ್ಕಿನಷ್ಟಾದ, ಬೆಕ್ಕಿನಷ್ಟಿದ್ದವನು ಜಿರಲೆಯಷ್ಟಾಗಿ ದಾರಿಯಲ್ಲಿ ಹರಿದಾಡತೊಡಗಿದ.

"ಇನ್ನು ಹೂಂ ಬೇಡ ಅಣ್ಣ, ನಾನಂದದ್ದನ್ನೇ ತಿರುಗಿ ಅನ್ನು. ಮುಂದೆ ತಗ್ಗು, ಬಲಕ್ಕೆ ಮೂರು ಹೆಜ್ಜೆ."

"ಮುಂದೆ ತಗ್ಗು, ಬಲಕ್ಕೆ ಮೂರು ಹೆಜ್ಜೆ."

"ಎಡಗಾಲಿನಡಿ ಮಾಂತ್ರಿಕ."

"ಎಡಗಾಲಿನಡಿ ಮಾಂತ್ರಿಕ," ಅಂದು ಜಟ್ಟಿಂಗ ಕಾಲು ಒತ್ತಿಟ್ಟ. ಪಟ್ ಅಂದಿತು. ಕಣ್ಣಿನ ಬೂದಿ ಉದುರಿತು.

ಆಮೇಲಿನ ಓಟಕ್ಕೆ ಗಾಳಿಯೇ ಹಿಂದೆ ಬಿತ್ತು. ಸೂರ್ಯನ ಕೊನೆಯ ಎಳೆ ಇನ್ನೂ ಇರುವಾಗಲೇ ಮೇನೆ ಸಮೇತ ಮಾಚಲೆಯನ್ನು ಹಾಲುಕೊಳಕ್ಕೆ ಅದ್ದಿದರು. ಕಲ್ಲು ಬೆಲ್ಲದ ಹಾಗೆ ಕರಗಿತು. ಅವಳು ಕಣ್ಣುಜ್ಜಿಕೊಂಡು ಮೊದಲು ಅಂದದ್ದು, "ಇನ್ನಾದರೂ ನಿಮ್ಮ ಮಾತು ನೀವೇ ಆಡಿಕೊಳ್ತೀರಾ?"

ಆಡಿಕೊಂಡರು. ರಾಜ ಹರಸಿದ, ಮಂತ್ರಿಗೆ ಹೊಸ ಪೇಟ ಬಂತು. ಅವನು ಮಾತ್ರ ಮೇನೆಯಲ್ಲಿ ಮತ್ತೆಂದೂ ನಿದ್ದೆ ಮಾಡಲಿಲ್ಲ, ಮುಂದಿನವನ ಕೂಗು, ಹಿಂದಿನವನ ಮರುಕೂಗು ಅಷ್ಟು ಜೋರಾಗಿತ್ತು. ಹೊನ್ನಗೋಡಿನವರೆಲ್ಲ ಉಂಡುಟ್ಟು ಸುಖವಾಗಿದ್ದರು.

"ಸಿಂಗ್ರಜ್ಜ," ಅಂದಳು ಎದುರಿಗೆ ಎಲೆಯಡಿಕೆ ಜಗಿಯುತ್ತ ಕೂತಿದ್ದ ಚೌಡಕ್ಕ. "ಮೂರನೆಯವರು ಕಾಲಿಟ್ಟರೆ ಆ ಕಾಲೂ ಕಲ್ಲು ಅಂದ್ಯಲ್ಲ. ಮತ್ತೆ ನೀನು ಗಡಿಗೆ ಹೊತ್ಕೊಂಡು ಹಿಂದೆ ಹೆಂಗೆ ಓಡಿದೆ?"

ಅಜ್ಜ ತನ್ನ ಮೊಣಕಾಲುಗಳನ್ನು ಬೆರಳಿನಿಂದ ತಟ್ಟಿ ನೋಡಿಕೊಂಡ.

"ಮತ್ತೆ ಇವು ಯಾಕೆ ಮಡಚಲ್ಲ ಅಂದ್ಕೊಂಡೆ?" ಅಂದು ಹೆಗಲು ಹಾರಿಸಿದ.