ಹೆಲಿಕಾಪ್ಟರ್ ಉಸಿರೆಳೆದಾಗ

“ಯಾರ್ರೀ ಅದು ಕಾಕ್‌ಪಿಟ್ಟಲ್ಲಿ? ಇಳೀರಿ ಕೆಳಗೆ!”

ಮ್ಯೂಸಿಯಂ ನಿರ್ದೇಶಕರ ಗುಡುಗು! ಬೆಚ್ಚಿ ಎದ್ದವಳ ನೆತ್ತಿ ಮೇಲಿನ ಸ್ವಿಚ್ಚುಗಳಿಗೆ ಠಣ್ ಎಂದು ಬಡಿಯಿತು. ಬಗ್ಗಿ ನೋಡಿದರೆ ನಿರ್ದೇಶಕರೇ ಇಲ್ಲ... ಕೈತುಂಬ ಗ್ರೀಸ್ ಮೆತ್ತಿಕೊಂಡ ಮೆಕ್ಯಾನಿಕ್ ಒಬ್ಬ ನಗುತ್ತಿದ್ದ.

“ಕ್ಷಮಿಸಿ ಮೇಡಂ. ಸಾಹೇಬ್ರು ರಜೆ. ಅವರ ಗಂಟಲಿಗೆ ಮಾತ್ರ ಡ್ಯೂಟಿ.”

ದೊಡ್ಡದಾಗಿ ಉಸಿರೆಳೆದುಕೊಂಡು ಎಲ್ಲರ ದನಿಯನ್ನೂ ಬಿತ್ತರಿಸುವ ಅವನಿಗೆ ಅಲ್ಲಿ ‘ರೇಡಿಯೋ’ ಎಂದೇ ಹೆಸರು.

“ನಾನು ಈ ಹೆಲಿಕಾಪ್ಟರಿಗೆ ವೆಬ್‌ಸೈಟ್ ಮಾಡೋಕೆ ಬಂದಿರೋಳು!”

“ಆಹಾ! ರಿಟೈರ್ ಆದೋರೆಲ್ಲ ಒಂದು ಸೈಟ್ ಸಿಗ್ಲಿ ಅಂತಾರೆ. ನಮ್ಮಜ್ಜಿಗೆ ಈಗ ಸಿಕ್ತು ನೋಡಿ!”

ಸೇನೆಯಲ್ಲಿದ್ದಾಗ ಆ ‘ಅಜ್ಜಿ’ಯ ಎಂಜಿನ್ನನ್ನು ಕೊನೆಯ ಹಾರಾಟದವರೆಗೂ ನೋಡಿಕೊಂಡವನು ಅವನೇ. ಅಜ್ಜಿಯ ಹೊಟ್ಟೆಯ ಮೇಲಿನ ಒಂದೊಂದು ತೇಪೆಗೂ ಅವನ ಬಳಿ ಕಥೆಯಿತ್ತು. ಅವಳು ಫೋಟೋ ತೆಗೆಯುತ್ತಾ, ಬರೆದುಕೊಳ್ಳುತ್ತಾ ಮೈಮರೆಯುತ್ತಿದ್ದಳು.

“ಇಲ್ಲಿ ಗುಂಡು ಬಿದ್ದಿತ್ತು. ಒಳಗೆಲ್ಲ ಗಾಯಾಳುಗಳು. ಅಜ್ಜಿ ಬಾಯೇ ಬಿಡ್ಲಿಲ್ಲ. ಎಲ್ಲರನ್ನೂ ಇಳಿಸಿದ್ಮೇಲೇ ಎಣ್ಣೆ ಸುರಿಸಿ ಕೂತ್ಲು.”

‘ಯಂತ್ರವನ್ನೇ ಇಷ್ಟು ಪ್ರೀತಿಸೋನು ಮನುಷ್ಯರನ್ನ...’ ಯೋಚನೆಯನ್ನು ಅಲ್ಲಿಗೇ ತಡೆದಳು.

“ಇದರ ಸದ್ದು ಎಲ್ಲಾದ್ರೂ ಸಿಗುತ್ತಾ?” ಒಂದು ದಿನ ಕೇಳಿದಳು. “ನಿಮ್ಮ ಕಾಲಕ್ಕೂ ಮುಂಚೆ ಅಪ್ಪ ಇದರ ಪೈಲಟ್ ಆಗಿದ್ರು. ಈಗ ಅವರಿಗೆ ಕಣ್ಣು ಕಾಣಲ್ಲ. ನಾನು ಎಷ್ಟು ಫೋಟೋ ಹಾಕಿದ್ರೂ ಅವರಿಗೆ...” ಕ್ಯಾಮೆರಾ ಕೆಳಗಿಳಿಸಿದಳು.

ಎಂಜಿನ್ ಕಳಚಿ ವರ್ಷಗಳಾಗಿದ್ದವು. ಧ್ವನಿಮುದ್ರಣ ಯಾರ ಬಳಿಯೂ ಇರಲಿಲ್ಲ. ಆದರೂ ಮರುದಿನ ಅವನು ಪೆನ್‌ಡ್ರೈವ್ ಒಂದನ್ನು ಮುಂದಿಟ್ಟ.

“ಹಳೇದು... ಸಿಕ್ತು.” ಅವನ ಕಣ್ಣು ಬೇರೆಲ್ಲೋ ಇತ್ತು.

ಮನೆಯಲ್ಲಿ ಆ ಸದ್ದು ಕೇಳುತ್ತಿದ್ದಂತೆ ಅಪ್ಪನ ಎಡಗೈ ಗಾಳಿಯಲ್ಲಿ ಇಲ್ಲದ ಲಿವರ್ ಹಿಡಿದು ಮೆಲ್ಲಗೆ ಮೇಲೆತ್ತಿತು.

“ಇನ್ನೊಂದ್ಸಲ ಹಾಕು ಪುಟ್ಟಿ!”

ಸೈಟ್ ತೆರೆಯುವ ಹಿಂದಿನ ದಿನ ಅವಳು ಹೆಡ್‌ಫೋನ್ ಹಾಕಿಕೊಂಡು ಆ ಸದ್ದನ್ನು ಶುಚಿಗೊಳಿಸುತ್ತಿದ್ದಳು. ಮಧ್ಯದಲ್ಲೊಂದು ಕಡೆ... ಉಸಿರು! ನಿರ್ದೇಶಕರಂತೆ ಗುಡುಗುವ ಮೊದಲು ರೇಡಿಯೋ ಎಳೆದುಕೊಳ್ಳುವ ಅದೇ ಉಸಿರು!

ನೇರ ಅವನ ಮುಂದೆ ಹೋಗಿ ನಿಂತಳು.

“ಇದು ನೀವು... ಬಾಯಲ್ಲಿ ಮಾಡಿದ್ದಾ?”

“ಹೂಂ.”

“ಕಣ್ಣು ಕಾಣದವರ ಕಿವಿಗೆ ಹೂವಿಡೋಕೆ ನಾಚಿಕೆ ಆಗ್ಲಿಲ್ವೇನ್ರೀ? ನಿಮ್ಮನ್ನ ನಾನು ಎಷ್ಟು ನಂಬಿದ್ದೆ!”

ಉತ್ತರಕ್ಕೂ ಕಾಯದೆ ಅವಳು ಸದ್ದನ್ನು ಸೈಟಿನಿಂದ ಕಿತ್ತುಹಾಕಿದಳು.

“ಎಲ್ಲಿ ಪುಟ್ಟಿ, ನನ್ನ ಹೆಲಿಕಾಪ್ಟರು?” ಸಂಜೆ ಅಪ್ಪ ಕೇಳಿದರು.

ಅಳುತ್ತಲೇ ಎಲ್ಲವನ್ನೂ ಹೇಳಿದಳು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು!

“ಮೊದಲ ದಿನವೇ ಗೊತ್ತಾಯ್ತು ಕಣೇ! ಹೆಲಿಕಾಪ್ಟರ್ ಎಲ್ಲಾದ್ರೂ ಉಸಿರೆಳೆಯುತ್ತಾ?”

“ಮತ್ತೆ ಯಾಕಪ್ಪಾ ಹೇಳ್ಲಿಲ್ಲ?”

“ಶುರುವಾಗುವಾಗ ಅದು ಎರಡು ಸಲ ಕೆಮ್ಮಿ, ಮೂರನೇ ಕೆಮ್ಮನ್ನ ನುಂಗ್ಕೊಳ್ತಿತ್ತು. ನನ್ನ ಜೊತೆ ಹಾರಿದೋರಿಗೂ ಅದು ನೆನಪಿರಲ್ಲ. ಆ ಹುಡುಗ ಅದನ್ನೂ ಬಿಟ್ಟಿಲ್ಲ! ಬರೀ ಮೋಸ ಮಾಡೋನು ಅಷ್ಟು ಕಷ್ಟಪಡ್ತಾನೇನಮ್ಮ? ಹೇಳ್ದೇ ಇದ್ದಿದ್ದು ತಪ್ಪು... ಆದ್ರೆ ಎಷ್ಟು ಚೆನ್ನಾಗಿ ಕೇಳಿಸ್ಕೊಂಡಿದಾನೆ!”

ಬೆಳಿಗ್ಗೆ ಅವಳು ಮ್ಯೂಸಿಯಂ ಶೆಡ್ಡಿಗೆ ಬಂದಾಗ ಅವನು ಅಜ್ಜಿಯ ಗಾಜು ಒರೆಸುತ್ತಿದ್ದ. ಅವಳು ಫೋನ್ ಮುಂದೆ ಹಿಡಿದಳು. ಸದ್ದು ಸೈಟಿಗೆ ಮರಳಿತ್ತು. ಕೆಳಗೆ ಹೊಸ ಸಾಲು: ‘ಇದು ಯಂತ್ರದ ಸದ್ದಲ್ಲ. ಇದರ ಎಂಜಿನ್ನನ್ನು ಕೊನೆಯವರೆಗೆ ನೋಡಿಕೊಂಡ ಮೆಕ್ಯಾನಿಕ್, ನೆನಪಿನಿಂದ, ಬಾಯಲ್ಲಿ ಮಾಡಿದ್ದು.’

“ಮೊದಲೇ ಹೇಳ್ಬೇಕಿತ್ತು ನಾನು. ಆವತ್ತು ನಿಮ್ಮ ಮುಖ ನೋಡಿ... ಬಾಯಿ ಬರ್ಲಿಲ್ಲ.” ತಲೆ ತಗ್ಗಿಸಿದ. “ಆ ಉಸಿರನ್ನಾದ್ರೂ ಕತ್ತರಿಸಿಬಿಡಿ. ಅಸಹ್ಯವಾಗಿದೆ.”

“ಅದನ್ನ ಮಾತ್ರ ಮುಟ್ಟಲ್ಲ. ನನಗೆ ಇಷ್ಟವಾಗಿದ್ದೇ ಅದು.”

ಅವನು ಬಟ್ಟೆ ಕೆಳಗಿಟ್ಟ.

“ಒಂದು ಮಾತು ಹೇಳ್ಲಾ? ಇದು ಯಾರ ದನಿಯೂ ಅಲ್ಲ... ನನ್ನದೇ. ನೀವು ನನಗೆ ಬೇಕು. ಜೀವನಪೂರ್ತಿ.”

ಎಷ್ಟು ಸಾದಾ ದನಿ! ಅದರಲ್ಲಿ ನಡುಕವಿತ್ತು. ಇಷ್ಟು ದಿನ ಎಲ್ಲರ ದನಿಯ ಹಿಂದೆ ಅಡಗಿದ್ದು ಇದೇನಾ...? ಅವಳ ಎದೆಯೇ ಎರಡು ಸಲ ಕೆಮ್ಮಿ, ಮೂರನೆಯದನ್ನು ನುಂಗಿಕೊಂಡಿತು.

“ಅಯ್ಯೋ, ಮುಖ ಯಾಕ್ರೀ ಹಂಗೆ ಕೆಂಪಾಯ್ತು?” ಅವಳು ಗಾಬರಿಯಾದಳು.

ಅವನು ಕೆನ್ನೆಯುಬ್ಬಿಸಿಕೊಂಡೇ ಮೂಗಿನತ್ತ ಬೆರಳು ತೋರಿಸಿದ. ಉತ್ತರ ಸಿಗುವ ತನಕ ಉಸಿರೆಳೆಯುವಂತಿಲ್ಲವಂತೆ!

ಗ್ರೀಸ್ ಮೆತ್ತಿದ ಆ ಕೈಯನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಕಣ್ಣು ತುಂಬಿತ್ತು, ನಗುವೂ ತಡೆಯಲಾಗಲಿಲ್ಲ.

“ಉಸಿರಾಡ್ರೀ... ಹೂಂ ಅಂದೆ!”