ನೀಲಿ ಗೆರೆಯ ಮನೆ

"ಅಲ್ಲಿ ಕಾಲಿಡಬೇಡ, ಅದು ಗೋಡೆ," ಎಂದ ಅಪ್ಪ.

ಚೋಟು ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡಳು. ಟೆರೇಸಿನ ಸಿಮೆಂಟಿನ ಮೇಲೆ ಇದ್ದದ್ದು ಒಂದು ನೀಲಿ ಗೆರೆ, ಅಷ್ಟೆ. ಆದರೆ ಅಪ್ಪ ಗೋಡೆ ಎಂದರೆ ಅದು ಗೋಡೆಯೇ.

"ಮತ್ತೆ ಒಳಗೆ ಬರೋದು ಹೇಗೆ?"

"ಎಲ್ಲರೂ ಬರೋ ಹಾಗೆ. ಬಾಗಿಲಿಂದ."

ಚೋಟು ಸುತ್ತು ಹಾಕಿ, ಗೆರೆ ತುಂಡಾಗಿದ್ದ ಕಡೆಯಿಂದ ಒಳಗೆ ಬಂದಳು. ಕ್ಲಾಸಿನ ಸಾಲಿನಲ್ಲಿ ಯಾವಾಗಲೂ ಅವಳೇ ಮೊದಲು ನಿಲ್ಲುವವಳು. ಅಷ್ಟು ಗಿಡ್ಡ. ಅದಕ್ಕೇ ಆ ಹೆಸರು.

ಅಪ್ಪ ಟೈಲ್ಸ್ ಹಾಕುವ ಕೆಲಸದವನು. ಯಾವ ಮನೆಯನ್ನಾದರೂ ಸರಿ, ಕಾಗದದ ಮೇಲೆ ಬರೆದರೆ ಅವನಿಗೆ ಸಮಾಧಾನವಿಲ್ಲ. ನೀಲಿ ಪುಡಿ ಸವರಿದ ದಾರವನ್ನು ನೆಲದ ಮೇಲೆ ಬಿಗಿಯಾಗಿ ಎಳೆಯುತ್ತಾನೆ. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಚೋಟುವಿನ ಹೆಬ್ಬೆರಳಿನ ಕೆಳಗೆ. ನಡುವೆ ದಾರವನ್ನು ಮೇಲಕ್ಕೆತ್ತಿ ಬಿಟ್ಟರೆ ಟಪ್ ಎನ್ನುತ್ತದೆ. ನೆಲದ ಮೇಲೆ ಕೂದಲಿನಷ್ಟು ಸಣ್ಣ ಗೆರೆ ಬಿದ್ದಿರುತ್ತದೆ.

ಹಾಗೆ ಆ ಸಂಜೆ ಟೆರೇಸಿನಲ್ಲಿ ಎರಡು ಮನೆಗಳು ನಿಜವಾದ ಅಳತೆಯಲ್ಲೇ ಮೂಡಿದವು.

ಈ ಊರಿನಲ್ಲಿ ಕಟ್ಟಡದ ಕೆಲಸ ನಿಂತುಹೋಗಿತ್ತು. ದೂರದ ದೊಡ್ಡ ನಗರದಲ್ಲಿ ಆಸ್ಪತ್ರೆಯೊಂದು ಏಳುತ್ತಿತ್ತು. ಅದರ ನೆಲಕ್ಕೆಲ್ಲ ಟೈಲ್ಸ್ ಹಾಕಲು ವರ್ಷಗಳೇ ಬೇಕು. ಅಲ್ಲಿ ಕೂಲಿ ಜಾಸ್ತಿ. ಬಾಡಿಗೆ ಅದಕ್ಕಿಂತ ಜಾಸ್ತಿ. ಅಪ್ಪ ಹೋಗಿ, ಚಪ್ಪಲಿ ಸವೆಯುವಷ್ಟು ಅಲೆದು, ಮನೆಗಳನ್ನು ಅಳೆದುಕೊಂಡು ಬಂದಿದ್ದ.

"ಇದು ದೂರದ ಮನೆ. ಅದು ಹತ್ತಿರದ ಮನೆ," ಎಂದು ಅಪ್ಪ ತೋರಿಸಿದ.

ಅಮ್ಮ ದೂರದ ಮನೆಯ ನಡುವೆ ಸೊಂಟಕ್ಕೆ ಕೈಕೊಟ್ಟು ನಿಂತಳು. "ಈಗಿನ ಮನೇಲಿ ಎರಡು ರೂಮು, ಅಡುಗೆಮನೆ, ಮೇಲೆ ಟೆರೇಸು. ಇದರ ಎರಡರಷ್ಟು ಬಾಡಿಗೆ ಕೊಟ್ಟರೆ ಅಲ್ಲಿ ಒಂದೇ ಒಂದು ರೂಮಾ?"

"ಹೂಂ. ಹತ್ತಿರದ್ದಕ್ಕಾದ್ರೆ ಮೂರರಷ್ಟು."

"ಅದು ಇದಕ್ಕಿಂತ ಚಿಕ್ಕದಾಗಿದೆಯಲ್ಲಪ್ಪಾ!" ಎಂದಳು ಚೋಟು.

"ಚಿಕ್ಕದೇ. ಆದ್ರೆ ಆಸ್ಪತ್ರೆಗೆ ನಡ್ಕೊಂಡೇ ಹೋಗಬಹುದು. ನಿನ್ನ ಸ್ಕೂಲು ಪಕ್ಕದ ಬೀದೀಲಿ."

"ಎರಡು ರೂಮಿನ ಮನೆ ಇರಲೇ ಇಲ್ವಾ?" ಎಂದು ಅಮ್ಮ ಕೇಳಿದಳು.

"ಇತ್ತು. ಅದರ ಬಾಡಿಗೆ ಕೊಟ್ಟು ನಾವು ಟೈಲ್ಸ್ ತಿಂದ್ಕೊಂಡು ಇರಬೇಕು."

"ಹೊಳೆಯೋದು ನನಗಿರಲಿ ಕಣೋ, ತಿನ್ನೋಕೆ ನುಣ್ಣಗಿರುತ್ತೆ," ಎಂದಳು ಅತ್ತೆ.

ಅತ್ತೆ ಅಪ್ಪನ ಅಕ್ಕ. ಮೆಟ್ಟಿಲ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು, ಬಲಗಾಲನ್ನು ಮುಂದೆ ಚಾಚಿ ಕೂತಿದ್ದಳು. ಚೋಟು ಹುಟ್ಟುವ ಮೊದಲೇ ಒಂದು ಬಸ್ಸು ಆ ಮಂಡಿಯನ್ನು ಹಾಳು ಮಾಡಿತ್ತು. ಅದು ಅರ್ಧ ಮಾತ್ರ ಮಡಚುತ್ತದೆ. ನೆಲಕ್ಕೆ ಕೂತರೆ ಏಳಲು ಇಬ್ಬರು ಬೇಕು. ಹಾಗಾಗಿ ಅವಳಿಗೊಂದು ಕಬ್ಬಿಣದ ಮಂಚ. ಅದರ ಬುಡದಲ್ಲಿ ಚೋಟುವಿನ ಹಾಸಿಗೆ. ಮಂಚದ ತುದಿಯಿಂದ ಹೊರಗೆ ಬಂದಿರುವ ಅತ್ತೆಯ ಹೆಬ್ಬೆರಳನ್ನು ಒಮ್ಮೆ ಎಳೆದು "ಗುಡ್ ನೈಟ್" ಹೇಳದೆ ಚೋಟುವಿಗೆ ನಿದ್ದೆ ಹತ್ತುವುದಿಲ್ಲ.

"ದೂರದ ಮನೆಯಾದ್ರೆ ರೈಲು, ಆಮೇಲೆ ಬಸ್ಸು," ಎಂದ ಅಪ್ಪ. "ಚೋಟು ಏಳೋದಕ್ಕೆ ಮುಂಚೆ ಹೊರಡಬೇಕು. ಬರೋ ಹೊತ್ತಿಗೆ ಅವಳು ಮಲಗಿರ್ತಾಳೆ."

"ಬಾಡಿಗೇಲಿ ಉಳಿದದ್ದೆಲ್ಲ ರೈಲಿಗೇ ಹೋಯ್ತು," ಎಂದಳು ಅಮ್ಮ.

"ಹಾಗಿದ್ರೆ ದೂರದ ಮನೆ ಯಾಕೆ ಬೇಕು?" ಎಂದು ಚೋಟು ಕೇಳಿದಳು.

ಅಪ್ಪ ದಾರ ಸುತ್ತತೊಡಗಿದ. ಅಮ್ಮ ಒಣಗಿದ ಬಟ್ಟೆ ತೆಗೆಯಲು ಹೋದಳು. ಅತ್ತೆ ಮಾತ್ರ ಬಾಯಿ ಬಿಟ್ಟಳು. "ಹತ್ತಿರದ ಮನೇಲಿ ನನ್ನ ಮಂಚ ಹಿಡಿಸೋದೇ ಇಲ್ವಲ್ಲ ಪುಟ್ಟಾ. ದೂರದ್ದರಲ್ಲಿ ಹಿಡಿಸಿದ್ರೂ ಹಿಡಿಸೀತು ಅಂತ ನಿಮ್ಮಪ್ಪನ ಆಸೆ."

"ಹಿಡಿಸದಿದ್ರೆ?"

"ಗುಂಡಿ ಅಕ್ಕನ ಜೊತೆ ಇರ್ತೀನಿ. ಅವಳ ರೂಮಲ್ಲಿ ಅರ್ಧ ಜಾಗ ಕೊಡ್ತಾಳಂತೆ. ಅವಳ ಬಾಯಿ ಮಾತ್ರ ಪೂರ್ತಿ ಜಾಗ ತಗೊಳ್ಳುತ್ತೆ."

ಅತ್ತೆ ಬ್ಯಾಗಿನ ಅಂಗಡಿಯಲ್ಲಿ ಜಿಪ್ ರಿಪೇರಿ ಮಾಡುತ್ತಿದ್ದಳು. ಗುಂಡಿ ಅಕ್ಕ ಅಲ್ಲೇ ಪಕ್ಕದಲ್ಲಿ ಗುಂಡಿ ಮಾರುವವಳು. ತಮಾಷೆಗೆ ಅಮ್ಮ ಕೂಡ ನಗಲಿಲ್ಲ.

"ನಾಳೆ ಬೆಳಿಗ್ಗೆ ಮಂಚ ಮೇಲೆ ತಂದು ಇಟ್ಟು ನೋಡೋಣ," ಎಂದ ಅಪ್ಪ. "ಹಿಡಿಸಿದ್ರೆ ದೂರದ ಮನೆ. ಇಲ್ಲದಿದ್ರೆ ಹತ್ತಿರದ್ದು. ಮಧ್ಯಾಹ್ನದ ಒಳಗೆ ಫೋನ್ ಮಾಡಬೇಕು. ಕ್ಯೂನಲ್ಲಿ ಜನ ಇದ್ದಾರೆ."

ಚೋಟು ನಾಳೆಯವರೆಗೆ ಕಾಯಲಿಲ್ಲ. ಎಲ್ಲರೂ ಕೆಳಗಿಳಿದ ಮೇಲೆ ಅಪ್ಪನ ಚೀಲದಿಂದ ಟೇಪ್ ತೆಗೆದು ಮಂಚವನ್ನು ಅಳೆದಳು. ಟೇಪನ್ನು ಅಲ್ಲೇ ಬೆರಳಿನಿಂದ ಒತ್ತಿ ಹಿಡಿದು ಟೆರೇಸಿಗೆ ಓಡಿದಳು.

ದೂರದ ಮನೆಯ ಒಂದು ಮೂಲೆಯನ್ನು ಬಚ್ಚಲು ತಿಂದುಹಾಕಿತ್ತು. ಬಚ್ಚಲಿಂದ ಆಚೆ ಗೋಡೆಯವರೆಗೆ ಉಳಿದ ಸಂದಿಯಲ್ಲೇ ಮಂಚ ಕೂರಬೇಕು. ಬೇರೆ ಎಲ್ಲಿ ಹಾಕಿದರೂ ಬಾಗಿಲು ತೆರೆಯುವುದಿಲ್ಲ, ಇಲ್ಲವೆ ಒಲೆಗೆ ಅಡ್ಡ. ಚೋಟು ಸಂದಿಯಲ್ಲಿ ಟೇಪ್ ಹಾಸಿದಳು. ಒಂದು ಗೇಣು ಸಾಲಲಿಲ್ಲ.

ಮತ್ತೆ ಹಾಸಿದಳು. ಟೇಪನ್ನು ಕೊಂಚ ಸಡಿಲ ಬಿಟ್ಟೂ ನೋಡಿದಳು. ಗೇಣು ಗೇಣೇ.

ಅವಳು ನೆಲ ಒರೆಸುವ ಬಟ್ಟೆಯನ್ನು ಒದ್ದೆ ಮಾಡಿ ತಂದಳು. ಆಚೆ ಗೋಡೆಯನ್ನು ಉಜ್ಜಿ ಉಜ್ಜಿ ಅಳಿಸಿದಳು. ಪೆನ್ಸಿಲ್ ಬಾಕ್ಸಿನಲ್ಲಿ ನೀಲಿ ಚಾಕ್‌ಪೀಸ್ ಇತ್ತು. ಅಪ್ಪನ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಒಂದು ಗೇಣು ಹೊರಗೆ ಹೊಸ ಗೋಡೆ ಎಳೆದಳು. ದೂರದಿಂದ ನೋಡಿದಳು. ಮನೆ ದೊಡ್ಡದಾಗಿತ್ತು.

ಬೆಳಿಗ್ಗೆ ಅಪ್ಪ, ಅಮ್ಮ ಮಂಚವನ್ನು ಬಿಚ್ಚಿ, ಮೆಟ್ಟಿಲು ಹತ್ತಿಸಿ, ಮತ್ತೆ ಜೋಡಿಸಿದರು. ಹಿಂದೆ ಅತ್ತೆ ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ಸಂದಿಯೊಳಗೆ ಮಂಚ ಸರಿದು ಕೂತಿತು. ಅದರ ಕೊನೆಯ ಕಾಲು ಗೋಡೆಯಿಂದ ಈಚೆಗೇ ಇತ್ತು.

"ಹಿಡಿಸ್ತು ಕಣ್ರೀ," ಎಂದಳು ಅಮ್ಮ. ಸೆರಗಿನಿಂದ ಮುಖ ಒರೆಸಿಕೊಂಡು ಅತ್ತೆಯ ಕಡೆ ತಿರುಗಿದಳು. "ಹಿಡಿಸ್ತು ಅತ್ತಿಗೆ. ಹೇಗೋ ಆಗುತ್ತೆ ಬನ್ನಿ. ಇವರು ರೈಲಲ್ಲೇ ನಿದ್ದೆ ಮಾಡ್ಕೊಳ್ಳಲಿ."

ಅತ್ತೆ ಮಂಚದ ಮೇಲೆ ಕೂತಳು. ಆಮೇಲೆ ಮೆಲ್ಲಗೆ ಮಲಗಿದಳು. "ಮನೆ ಚೆನ್ನಾಗಿದೆ. ತಾರಸಿ ಸ್ವಲ್ಪ ಎತ್ತರ ಆಯ್ತು," ಎಂದು ಆಕಾಶ ನೋಡಿದಳು.

ಚೋಟು ನಕ್ಕಳು. ನಗುತ್ತಾ ಅಪ್ಪನನ್ನು ನೋಡಿ ಸುಮ್ಮನಾದಳು.

ಅಪ್ಪ ಗೋಡೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ. ಉಳಿದ ಗೆರೆಗಳೆಲ್ಲ ಕೂದಲಿನಷ್ಟು ಸಣ್ಣ. ಇದು ಬೆರಳಿನಷ್ಟು ದಪ್ಪ. ಅಪ್ಪ ಅದರ ಮೇಲೆ ಹೆಬ್ಬೆರಳು ಎಳೆದ. ಬೆರಳಿಗೆ ಚಾಕ್‌ಪೀಸಿನ ಪುಡಿ ಅಂಟಿತು.

ಬೈಯುತ್ತಾನೆ ಎಂದು ಚೋಟು ಕಾದಳು. ಅಪ್ಪ ಬೈಯಲಿಲ್ಲ. ಎದ್ದು ಹೋಗಿ ದಾರದ ಉಂಡೆ ತಂದ. ಟೇಪ್ ಹಿಡಿದು ನೆಲದ ಮೇಲೆ ಎರಡು ಚುಕ್ಕೆ ಇಟ್ಟ. ದಾರವನ್ನು ಮಂಚದ ಅಡಿಯಿಂದ ಎಳೆದು ತಂದ.

"ತುದಿ ಹಿಡ್ಕೋ," ಎಂದ.

"ಅಪ್ಪಾ..."

"ಹಿಡ್ಕೋ ಚೋಟು. ಅಲ್ಲಿ ಹೋದ್ಮೇಲೆ ಗೋಡೆ ಇಟ್ಟಿಗೇದು. ಅದನ್ನ ಒದ್ದೆ ಬಟ್ಟೇಲಿ ಒರೆಸೋಕಾಗಲ್ಲ."

ಅಮ್ಮನಿಗೆ ಈಗ ಅರ್ಥವಾಯಿತು. ಅವಳು ಆಚೆ ತಿರುಗಿ ನಿಂತಳು.

ಚೋಟು ತುದಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ಟಪ್. ಗೆರೆ ಮಂಚದ ಅಡಿಯಲ್ಲೇ ಬಿತ್ತು. ಮಂಚದ ಕೊನೆಯ ಕಾಲು ಮತ್ತು ಅದರ ಮೇಲೆ ಅತ್ತೆಯ ಎರಡು ಪಾದಗಳು ಗೋಡೆಯ ಹೊರಗೆ ಉಳಿದವು.

"ಮಂಚ ಕತ್ತರಿಸಿ," ಎಂದಳು ಚೋಟು. ಅವಳ ಮಾತು ಓಡುತ್ತಿತ್ತು. "ವೆಲ್ಡಿಂಗ್ ಅಂಗಡೀಲಿ ಕತ್ತರಿಸ್ತಾರೆ. ಒಂದೇ ಒಂದು ಗೇಣು. ಅತ್ತೆ ಕಾಲು ಮಡಚಿ ಮಲಗ್ತಾಳೆ. ಅಲ್ವಾ ಅತ್ತೆ?"

"ಮಲಗ್ತೀನಲ್ಲ," ಎಂದಳು ಅತ್ತೆ. "ನೋಡು ಬೇಕಾದ್ರೆ."

ಅವಳು ಎಡಗಾಲು ಮಡಚಿದಳು. ಅದು ಸಲೀಸಾಗಿ ಒಳಗೆ ಬಂತು. ಆಮೇಲೆ ಎರಡೂ ಕೈಗಳಿಂದ ಬಲಮಂಡಿಯನ್ನು ಹಿಡಿದು ಎಳೆದುಕೊಂಡಳು. ಪಾದ ಸ್ವಲ್ಪ ಒಳಗೆ ಬಂತು. ಇನ್ನೂ ಸ್ವಲ್ಪ. ಗೆರೆಯ ಮೇಲೆ ಬಂದು ನಿಂತಿತು. ಅತ್ತೆ ತುಟಿ ಕಚ್ಚಿದಳು. ಹಣೆ ಬೆವರಿತು. ಕೈಯ ನರಗಳು ಎದ್ದವು. ಮಂಡಿ ನಡುಗುತ್ತಿತ್ತು.

"ಇನ್ನೇನು, ಬಂತು," ಎಂದಳು. ಮುಖದ ಮೇಲೆ ನಗು ಇತ್ತು.

"ಸಾಕು ಬಿಡಕ್ಕ," ಎಂದ ಅಪ್ಪ.

"ತಡಿಯೋ. ಅಭ್ಯಾಸ ಆಗುತ್ತೆ."

ಅತ್ತೆ ಬಿಡಲಿಲ್ಲ. ಅವಳ ಕಣ್ಣು ಅಪ್ಪನ ಮೇಲಿರಲಿಲ್ಲ. ಚೋಟುವಿನ ಮೇಲಿತ್ತು. ಚೋಟು ಸಾಕು ಎನ್ನುವವರೆಗೂ ಅವಳು ಹಾಗೇ ಹಿಡಿದುಕೊಂಡಿರುತ್ತಾಳೆ ಎಂದು ಚೋಟುವಿಗೆ ಗೊತ್ತಾಯಿತು. ಇವತ್ತೂ ಹಿಡಿದುಕೊಳ್ಳುತ್ತಾಳೆ. ಅಲ್ಲಿಗೆ ಬಂದರೆ ದಿನಾ ಹಿಡಿದುಕೊಳ್ಳುತ್ತಾಳೆ.

"ಕಾಲು ಚಾಚು ಅತ್ತೆ," ಎಂದಳು ಚೋಟು.

"ಹಿಡಿಸುತ್ತೆ ಕಣೇ..."

"ಗೊತ್ತು. ಚಾಚು."

ಅತ್ತೆಯ ಕೈ ಸಡಿಲವಾಯಿತು. ಬಲಗಾಲು ಮೆಲ್ಲಗೆ ಜಾರಿ, ಗೆರೆ ದಾಟಿ, ತನ್ನ ಜಾಗಕ್ಕೆ ಹೋಯಿತು. ಅವಳು ಉಸಿರು ಬಿಟ್ಟ ಸದ್ದು ಎಲ್ಲರಿಗೂ ಕೇಳಿಸಿತು.

ಅಪ್ಪ ಹತ್ತಿರದ ಮನೆಯವರಿಗೆ ಫೋನ್ ಮಾಡಲು ಟೆರೇಸಿನ ಆ ಮೂಲೆಗೆ ನಡೆದ. ಅಮ್ಮ ಅತ್ತೆಯ ತಲೆಯ ಹತ್ತಿರ ಕೂತು ಅವಳ ಹಣೆ ಒರೆಸಿದಳು.

ಚೋಟು ಎದ್ದಳು. ಗೋಡೆ ದಾಟಲಿಲ್ಲ. ಮನೆಯ ಉದ್ದಕ್ಕೂ ನಡೆದು, ಗೆರೆ ತುಂಡಾಗಿದ್ದ ಬಾಗಿಲಿಂದ ಹೊರಗೆ ಬಂದಳು. ಪೂರ್ತಿ ಸುತ್ತು ಹಾಕಿ, ಗೋಡೆಯ ಆಚೆ ಮಂಚದ ತುದಿಯಲ್ಲಿ ಕೂತಳು. ಒದ್ದೆ ಬಟ್ಟೆ ಅಲ್ಲೇ ಬಿದ್ದಿತ್ತು. ತಾನು ಎಳೆದ ದಪ್ಪ ಗೆರೆಯನ್ನು ತಾನೇ ಒರೆಸಿದಳು.

ಆಮೇಲೆ ಅತ್ತೆಯ ಹೆಬ್ಬೆರಳನ್ನು ಹಿಡಿದು ಒಮ್ಮೆ ಎಳೆದಳು. ಬಿಸಿಲು ಏರುತ್ತಿತ್ತು. ಗುಡ್ ನೈಟ್ ಹೇಳುವ ಹೊತ್ತಲ್ಲ ಅದು. ಆದರೂ ಅವಳು ಬೆರಳನ್ನು ಬಿಡಲಿಲ್ಲ.